ಬ್ಲೀಚಿಂಗ್ ಪುಡಿಯ ಶಕ್ತಿ ಎಷ್ಟು ದಿನ?

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ವಿರಳ. ತುಂಗಭದ್ರೆಯ ದಂಡೆಯ ಮೇಲಿರುವ ಈ ಊರಿಗೆ, ಕರಿಬಸವೇಶ್ವರ ಅಜ್ಜಯ್ಯನವರ ಗದ್ದುಗೆಯ ದರ್ಶನಕ್ಕಾಗಿ, ಅಮಾವಾಸ್ಯೆ ಬಂತೆಂದರೆ ದೂರದೂರದಿಂದ ಭಕ್ತರು ಬರುವರು. ಬಂದವರು ಹೊಳೆಯಲ್ಲಿ ಮಿಂದು ಮಡಿಯಾಗುವರು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಹೊನ್ನಾಳಿಯನ್ನು ಹಾದು ಇಲ್ಲಿಗೆ ತಲುಪುವಷ್ಟರಲ್ಲಿ ಹೊಳೆಯ ನೀರಿಗೆ ಎಷ್ಟೋ ಊರುಗಳ ಚರಂಡಿ, ಗದ್ದೆಗಳ ಬಸಿನೀರು, ದನಕರು ಮೈತೊಳೆದ ಕೊಳೆ ಎಲ್ಲವೂ ಸೇರಿರುತ್ತವೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಫತ್ತೇಪುರದ ಕಡೆಯ ರಸ್ತೆ ಮುಳುಗಿ ಜನ ಸುತ್ತು ಹಾಕಿಕೊಂಡು ಓಡಾಡಬೇಕಾಗುವುದುಂಟು. ರಸ್ತೆಯ ಮೇಲೆ ಬಂದ ನೀರು ಕಣ್ಣಿಗೆ ಕಾಣುತ್ತದೆ. ದಂಡೆಯ ಬಾವಿಗೂ ಒಡೆದ ಕೊಳವೆಗೂ ನುಗ್ಗಿದ ನೀರು ಕಾಣುವುದಿಲ್ಲ.

ಹೊಳೆ ಇಳಿದ ಮೇಲೆ ಗ್ರಾಮ ಪಂಚಾಯಿತಿಯ ನೀರಗಂಟಿ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುತ್ತಾನೆ. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಕ್ಲೋರಿನ್ ಬಿಲ್ಲೆಗಳನ್ನು ಕೊಟ್ಟು ಹೋಗುತ್ತಾಳೆ. "ನೀರಿಗೆ ಔಷಧಿ ಹಾಕಿದ್ದಾರೆ" ಎಂದು ನೀವು ನೆಮ್ಮದಿಯಿಂದಿರುತ್ತೀರಿ. ಆದರೆ ಹಾಕಿದ ಔಷಧಿ ಯಾವಾಗಿನದು? ಆ ಪುಡಿಯ ಚೀಲದ ಬಾಯಿ ತೆರೆದು ಎಷ್ಟು ದಿನವಾಯಿತು? ನಿನ್ನೆ ಮದ್ದು ಹಾಕಿದ ನೀರಿನಲ್ಲಿ ಇಂದು ಆ ಮದ್ದು ಉಳಿದಿದೆಯೇ? ಈ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ನಿಮ್ಮ ಮನೆಯಲ್ಲಿ ಎರಡು ವರ್ಷದೊಳಗಿನ ಮಗುವಿದ್ದರೆ ಅವಶ್ಯವಾಗಿ ಕೇಳಬೇಕಾದ ಪ್ರಶ್ನೆಗಳಿವು. ದೊಡ್ಡವರಿಗೆ ಎರಡು ದಿನದ ಹೊಟ್ಟೆನೋವಾಗಿ ಹೋಗುವ ಕಾಯಿಲೆ ಕೂಸಿನ ಮೈಯ ನೀರನ್ನೆಲ್ಲ ಕೆಲವೇ ಗಂಟೆಗಳಲ್ಲಿ ಬತ್ತಿಸಿಬಿಡಬಲ್ಲದು. ನೀರಿನ ಅಪಾಯ ಹೊಳೆಯ ದಂಡೆಯವರಿಗೆ ಮಾತ್ರ ಮೀಸಲಾದುದೂ ಅಲ್ಲ. 2023ರ ಆಗಸ್ಟ್ ತಿಂಗಳ ಆರಂಭದಲ್ಲಿ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು. ಅದು ನಲ್ಲಿಯಲ್ಲಿ ಬಂದ ನೀರು.

ಸುಣ್ಣಕ್ಕೆ ಕುಡಿಸಿದ ಗಾಳಿ

ಬ್ಲೀಚಿಂಗ್ ಪುಡಿಯನ್ನು ಶಾಲೆಯ ಪುಸ್ತಕಗಳಲ್ಲಿ ಚೆಲುವೆ ಪುಡಿ ಎಂದು ಕರೆಯುವರು. ನೀರು ಹಾಕಿ ಅರಳಿಸಿ ಒಣಗಿಸಿದ ಸುಣ್ಣದ ಮೇಲೆ ಕ್ಲೋರಿನ್ ಎಂಬ ಹಳದಿಹಸಿರು ಬಣ್ಣದ, ಮೂಗು ಕೊರೆಯುವ ವಾಸನೆಯ ಅನಿಲವನ್ನು ಹಾಯಿಸಿದರೆ ಸುಣ್ಣವು ಅದನ್ನು ಹೀರಿಕೊಳ್ಳುವುದು. ಹಾಗೆ ಹೀರಿಕೊಂಡ ಸುಣ್ಣವೇ ಈ ಪುಡಿ. ಕ್ಲೋರಿನ್ ಅನಿಲವನ್ನು 1774ರಲ್ಲಿ ಸ್ವೀಡನ್ನಿನ ಶೀಲೆ ಎಂಬಾತ ಮೊದಲು ತಯಾರಿಸಿದ. 1799ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಚಾರ್ಲ್ಸ್ ಟೆನೆಂಟ್ ಅದನ್ನು ಸುಣ್ಣದಲ್ಲಿ ಹಿಡಿದಿಟ್ಟು ಪುಡಿಯಾಗಿ ಮಾರಲು ಹಕ್ಕುಪತ್ರ ಪಡೆದ. ಅವನಿಗೆ ಬೇಕಾಗಿದ್ದುದು ರೋಗ ನಿವಾರಣೆಯಲ್ಲ, ಬಟ್ಟೆಯ ಬಿಳುಪು. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯ ಸೀಮೆಯವರಿಗೆ ಇದೇನೂ ಸೋಜಿಗವೆನಿಸದು.

ಈ ಪುಡಿಗೂ ತಾಯಂದಿರಿಗೂ ಹಳೆಯ ನಂಟಿದೆ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಒಂದು ವಿಭಾಗದಲ್ಲಿ ನೂರಕ್ಕೆ 18 ಮಂದಿ ತಾಯಂದಿರು ತೀರಿಕೊಂಡರು. ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸಲು ಬರುವವರೆಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆದೇ ಒಳಗೆ ಬರಬೇಕೆಂದು ಕಟ್ಟುಮಾಡಿದ. ಜೂನ್ ತಿಂಗಳ ವೇಳೆಗೆ ಸಾವಿನ ಪ್ರಮಾಣ ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು. ರೋಗಾಣುಗಳೆಂಬ ಮಾತೇ ಆಗ ವೈದ್ಯರಿಗೆ ಸರಿಯಾಗಿ ತಿಳಿದಿರಲಿಲ್ಲ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ನಗರವು ಇದೇ ಪುಡಿಯ ದ್ರಾವಣವನ್ನು ಊರಿನ ಕುಡಿಯುವ ನೀರಿಗೆ ನಿತ್ಯವೂ ಬೆರೆಸತೊಡಗಿತು. ನಮ್ಮ ಹಳ್ಳಿಯ ತೊಟ್ಟಿಗಳಿಗೆ ಇಂದು ಮಾಡುವ ಕೆಲಸವೂ ಅದೇ.

ಪುಡಿಯನ್ನು ನೀರಿಗೆ ಹಾಕಿದೊಡನೆ ಅದರಲ್ಲಿನ ಕ್ಲೋರಿನ್ ಅಂಶವು ಹೈಪೋಕ್ಲೋರಸ್ ಆಮ್ಲವೆಂಬ ವಸ್ತುವಾಗುವುದು. ರೋಗಾಣುವಿನ ಹೊದಿಕೆಯನ್ನು ಹೊಕ್ಕು ಅದನ್ನು ಕೊಲ್ಲುವುದು ಈ ವಸ್ತುವೇ. ಇದು ಬಲಶಾಲಿಯೂ ಹೌದು, ಚಂಚಲವೂ ಹೌದು. ಇದರ ಬಲಕ್ಕೂ ಚಾಂಚಲ್ಯಕ್ಕೂ ಕಾರಣ ಒಂದೇ: ಸಿಕ್ಕ ವಸ್ತುವಿನೊಡನೆಲ್ಲ ಇದು ತಟ್ಟನೆ ಕೂಡಿ ತನ್ನ ರೂಪವನ್ನು ಕಳೆದುಕೊಳ್ಳುತ್ತದೆ. ರೋಗಾಣು ಸಿಕ್ಕರೆ ರೋಗಾಣುವಿನೊಡನೆ, ಎಲೆ ಸಿಕ್ಕರೆ ಎಲೆಯೊಡನೆ, ಕೆಸರು ಸಿಕ್ಕರೆ ಕೆಸರಿನೊಡನೆ ಕೂಡುವುದು. ಏನೂ ಸಿಗದಿದ್ದರೂ ಬಿಸಿಲು ಬಿದ್ದರೆ ಸಾಕು, ತನ್ನಷ್ಟಕ್ಕೆ ತಾನೇ ಒಡೆದು ಆಮ್ಲಜನಕವನ್ನು ಬಿಟ್ಟುಕೊಟ್ಟು, ನೀರಿನಲ್ಲಿ ಅತ್ಯಲ್ಪ ಉಪ್ಪಿನಂಶವಾಗಿ ಉಳಿಯುವುದು. ಆ ಉಳಿಕೆಯಿಂದ ಕುಡಿಯುವವರಿಗೆ ಕೇಡಿಲ್ಲ, ರೋಗಾಣುವಿಗೂ ಕೇಡಿಲ್ಲ.

ಚೀಲದಲ್ಲಿಯೇ ಸಾಯುವ ಪುಡಿ

ದಾವಣಗೆರೆಯ ಮಂಡಕ್ಕಿಯನ್ನು ಮಳೆಗಾಲದ ಒಂದು ರಾತ್ರಿ ತೆರೆದ ಡಬ್ಬಿಯಲ್ಲಿಟ್ಟು ನೋಡಿರಿ. ಬೆಳಗ್ಗೆ ಅದು ಕಣ್ಣಿಗೆ ಹಾಗೆಯೇ ಇರುವುದು, ಬಾಯಿಗೆ ಹಾಕಿದರೆ ಮೆತ್ತಗೆ. ಬ್ಲೀಚಿಂಗ್ ಪುಡಿಯ ಗತಿಯೂ ಹೀಗೆಯೇ. ಕಾರ್ಖಾನೆಯಿಂದ ಹೊಸದಾಗಿ ಬಂದ ಒಳ್ಳೆಯ ಪುಡಿಯಲ್ಲಿ ನೂರು ಪಾಲಿಗೆ ಸುಮಾರು 33 ಪಾಲು ಉಪಯೋಗಕ್ಕೆ ಬರುವ ಕ್ಲೋರಿನ್ ಇರುವುದು. ಚೀಲದ ಬಾಯಿ ತೆರೆದಿಟ್ಟರೆ ಗಾಳಿಯ ತೇವವೂ ಇಂಗಾಲದ ಅನಿಲವೂ ಒಳನುಗ್ಗಿ ಕ್ಲೋರಿನ್ನನ್ನು ಹೊರಹಾಕುವುವು. ಕೊನೆಗೆ ಉಳಿಯುವುದು ಸುಣ್ಣ ಮತ್ತು ಸೀಮೆಸುಣ್ಣದಂತಹ ಹಿಟ್ಟು. ಬಣ್ಣ ಬಿಳಿಯೇ, ತೂಕವೂ ಹೆಚ್ಚುಕಡಿಮೆ ಅಷ್ಟೇ. ವಾಸನೆಯೂ ತುಸು ಇರಬಹುದು. ಶಕ್ತಿ ಮಾತ್ರ ಇಲ್ಲ.

ಪಂಚಾಯಿತಿ ಕಚೇರಿಯ ಮೂಲೆಯಲ್ಲಿ, ಪಂಪ್‌ಹೌಸಿನ ತಗಡಿನ ಮಾಡಿನ ಕೆಳಗೆ, ಬಾಯಿ ಹರಿದ ಚೀಲವೊಂದು ಬೇಸಿಗೆಯನ್ನೂ ಮಳೆಗಾಲವನ್ನೂ ಕಳೆದಿರುವುದನ್ನು ನೀವು ಎಲ್ಲಿಯಾದರೂ ನೋಡಿದ್ದರೆ, ಆ ಪುಡಿಯ ಮೇಲೆ ಭರವಸೆ ಇಡಬೇಡಿರಿ. ಜಾತ್ರೆಯ ದಿನ ರಸ್ತೆಯ ಎರಡೂ ಬದಿಗೆ ರಂಗೋಲಿಯಂತೆ ಬಿಳಿ ಗೆರೆ ಎಳೆಯುವ ವಾಡಿಕೆಯೊಂದಿದೆ. ನೋಡುವವರಿಗೆ ಶುಚಿತ್ವದ ಭಾವನೆಯನ್ನು ಕೊಡುವುದೇ ಹೊರತು, ಬಿಸಿಲಲ್ಲಿ ಮಣ್ಣಿನ ಮೇಲೆ ಬಿದ್ದ ಆ ಪುಡಿ ಕುಡಿಯುವ ನೀರಿಗೆ ಯಾವ ರಕ್ಷಣೆಯನ್ನೂ ನೀಡುವುದಿಲ್ಲ. ಅದೇ ಪುಡಿ ತೊಟ್ಟಿಗೆ ಸೇರಿದ್ದರೆ ಊರಿಗೆ ಉಪಕಾರವಾಗುತ್ತಿತ್ತು.

ಮನೆಯಲ್ಲಿ ಪುಡಿಯನ್ನು ಇಡುವುದಾದರೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಂಪಾದ, ಒಣಗಿದ, ಕತ್ತಲ ಜಾಗದಲ್ಲಿ, ಮಕ್ಕಳ ಕೈಗೆಟುಕದಂತೆ ಇಡಿರಿ. ತಗಡಿನ ಡಬ್ಬಿ ಬೇಡ, ತುಕ್ಕು ಹಿಡಿದು ತೂತಾಗುವುದು. ಯೂರಿಯಾ ಮೊದಲಾದ ಗೊಬ್ಬರ, ಸೀಮೆಎಣ್ಣೆ, ಕೀಟನಾಶಕ ಇವುಗಳ ಪಕ್ಕದಲ್ಲಿ ಇಡಲೇಕೂಡದು. ಇವು ಒಂದಕ್ಕೊಂದು ಬೆರೆತರೆ ಬೆಂಕಿಯೋ ಸ್ಫೋಟವೋ ಆಗಬಹುದು. ಕಕ್ಕಸು ತೊಳೆಯುವ ಆಸಿಡ್ಡಿನೊಡನೆ ಈ ಪುಡಿ ಸೇರಿದರಂತೂ ವಿಷಗಾಳಿ ಏಳುವುದು. ಎರಡನ್ನೂ ಒಟ್ಟಿಗೆ ಬಳಸಿ ಉಸಿರು ಕಟ್ಟಿಕೊಂಡವರಿದ್ದಾರೆ.

ನೀರಿನಲ್ಲಿ ನಡೆಯುವುದೇನು?

ಈಗ ಕೊಡದೊಳಗಿನ ಕಥೆಗೆ ಬರೋಣ. ನೀರಿಗೆ ಬಿದ್ದ ಕ್ಲೋರಿನ್ ಎರಡು ಹಂತಗಳಲ್ಲಿ ಕಡಿಮೆಯಾಗುತ್ತ ಹೋಗುವುದು. ಮೊದಲ ಹಂತ ಬಲು ವೇಗದ್ದು. ನೀರಿನಲ್ಲಿರುವ ಕೊಳೆ, ಕೆಸರು, ಕೊಳೆತ ಎಲೆಯ ರಸ ಇವೆಲ್ಲ ತಮ್ಮ ಪಾಲನ್ನು ಮೊದಲು ಕೇಳುವುವು. ಸಾಲಗಾರರು ಬಾಗಿಲಲ್ಲಿ ನಿಂತಿರುವ ಮನೆಗೆ ಬೆಳೆ ಮಾರಿದ ಹಣ ಬಂದಂತೆ. ಅವರಿಗೆಲ್ಲ ಕೊಟ್ಟು ಉಳಿದದ್ದೇ ಮನೆಯ ಖರ್ಚಿಗೆ. ನೀರಿನಲ್ಲಿ ಹೀಗೆ ಉಳಿದ ಕ್ಲೋರಿನ್ನನ್ನು ಉಳಿಕೆ ಕ್ಲೋರಿನ್ ಎನ್ನುವರು. ನಿಮ್ಮ ಮಗುವನ್ನು ಕಾಯುವುದು ಹಾಕಿದ ಕ್ಲೋರಿನ್ ಅಲ್ಲ, ಈ ಉಳಿಕೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಇರಬೇಕೆಂಬುದು ನಮ್ಮ ದೇಶದ ಮಾನಕ. ಆದಕಾರಣವೇ ಒಂದೇ ಅಳತೆಯ ಪುಡಿ ತಿಳಿಯಾದ ಬಾವಿಗೆ ಸಾಲುವುದು, ನೆರೆ ಇಳಿದ ಬಾವಿಗೆ ಸಾಲದು.

ಎರಡನೆಯ ಹಂತ ನಿಧಾನದ್ದು. ಉಳಿದ ಕ್ಲೋರಿನ್ ದಿನವಿಡೀ ಸ್ವಲ್ಪಸ್ವಲ್ಪವಾಗಿ ಒಡೆಯುತ್ತಲೇ ಇರುವುದು. ಇದರ ಲೆಕ್ಕ ತುಸು ವಿಚಿತ್ರ. ಗಂಟೆಗೆ ಇಷ್ಟು ಎಂದು ಸಮನಾಗಿ ಇಳಿಯುವುದಿಲ್ಲ. ಇದ್ದುದರಲ್ಲಿ ಅರ್ಧ, ಮತ್ತೆ ಅಷ್ಟೇ ಸಮಯದಲ್ಲಿ ಉಳಿದುದರ ಅರ್ಧ, ಹೀಗೆ ಇಳಿಯುವುದು. ಉದಾಹರಣೆಗೆ, ಬೆಳಗ್ಗೆ ಆರು ಗಂಟೆಗೆ ಕೊಡದಲ್ಲಿ ಲೀಟರಿಗೆ 0.8 ಮಿಲಿಗ್ರಾಂ ಉಳಿಕೆ ಇದ್ದು, ಎಂಟು ಗಂಟೆಗೊಮ್ಮೆ ಅದು ಅರ್ಧವಾಗುವುದೆಂದು ಇಟ್ಟುಕೊಳ್ಳೋಣ. ಮಧ್ಯಾಹ್ನ ಎರಡಕ್ಕೆ 0.4, ರಾತ್ರಿ ಹತ್ತಕ್ಕೆ 0.2, ಮರುದಿನ ಬೆಳಗ್ಗೆ ಆರಕ್ಕೆ 0.1. ಅಂದರೆ ರಾತ್ರಿ ಮಲಗುವ ಹೊತ್ತಿಗೆ ಕಾವಲುಗಾರ ದಣಿದಿದ್ದಾನೆ, ಬೆಳಗಾಗುವಷ್ಟರಲ್ಲಿ ಇದ್ದೂ ಇಲ್ಲದಂತಾಗಿದ್ದಾನೆ. ಎಂಟು ಗಂಟೆ ಎಂಬುದು ತಿಳಿಯಲೆಂದು ಹಿಡಿದ ಅಂಕಿ. ಕೊಡಕ್ಕೆ ಬಿಸಿಲು ಬಿದ್ದರೆ, ಮುಚ್ಚಳವಿಲ್ಲದಿದ್ದರೆ, ತಳದಲ್ಲಿ ಪಾಚಿಯಿದ್ದರೆ ಇದು ಬಹಳ ಬೇಗ ನಡೆಯುವುದು. ತಂಪಾದ ಮುಚ್ಚಿದ ಪಾತ್ರೆಯಲ್ಲಿ ನಿಧಾನವಾಗುವುದು. ಮದ್ದು ಹಾಕಿದ ನೀರನ್ನು ಮುಚ್ಚಿಟ್ಟು ಒಂದು ದಿನದೊಳಗೆ ಬಳಸಿ ಮುಗಿಸಬೇಕೆಂದು ಆರೋಗ್ಯ ಸಿಬ್ಬಂದಿ ಹೇಳುವುದು ಇದೇ ಕಾರಣಕ್ಕಾಗಿ.

ಇಲ್ಲಿ ಇನ್ನೊಂದು ಮಾತು. ಕ್ಲೋರಿನ್ ಇಲ್ಲವಾದ ನೀರಿಗೆ ಮಗು ಕೈ ಅದ್ದಿದರೆ, ನೆಲದ ಮೇಲಿಟ್ಟ ಚೊಂಬನ್ನು ಯಾರಾದರೂ ಮುಳುಗಿಸಿದರೆ, ಹೊಸದಾಗಿ ಸೇರಿದ ರೋಗಾಣುವನ್ನು ತಡೆಯುವವರೇ ಇರುವುದಿಲ್ಲ. ಕಾಯಿಸಿ ಆರಿಸಿದ ನೀರಿಗೂ ಈ ಮಾತು ಅನ್ವಯಿಸುವುದು. ಕುದಿಸುವಿಕೆ ಅಂದಿನ ರೋಗಾಣುವನ್ನು ಕೊಲ್ಲುವುದು, ನಾಳೆಯದನ್ನು ಕಾಯುವುದಿಲ್ಲ. ಹಿಡಿಕೆ ಇರುವ ಉದ್ದನೆಯ ಸೌಟಿನಿಂದ ನೀರು ತೆಗೆಯಿರಿ, ಇಲ್ಲವೇ ನಲ್ಲಿ ಇರುವ ಪಾತ್ರೆಯನ್ನು ಬಳಸಿರಿ.

ಮನೆಯಲ್ಲಿ ಮಾಡುವ ಕ್ರಮ

ಆಶಾ ಕಾರ್ಯಕರ್ತೆಯಿಂದ ಕ್ಲೋರಿನ್ ಬಿಲ್ಲೆ ದೊರೆಯುವುದಾದರೆ ಅದೇ ಸುಲಭ. ಬಿಲ್ಲೆಯು ಒಣಗಿದ ಪಟ್ಟಿಯೊಳಗೆ ಮುಚ್ಚಿರುವುದರಿಂದ ಬಹುಕಾಲ ಕೆಡದು. ಪಟ್ಟಿಯ ಮೇಲೆ ಮುದ್ರಿಸಿರುವ ಅವಧಿಯನ್ನೂ, ಎಷ್ಟು ಲೀಟರಿಗೆ ಒಂದು ಬಿಲ್ಲೆ ಎಂಬುದನ್ನೂ ಓದಿಸಿಕೊಂಡು ಹಾಕಿರಿ. ಬಿಲ್ಲೆಯನ್ನು ಪಟ್ಟಿಯಿಂದ ಬಿಡಿಸಿ ಸೀರೆಯ ಗಂಟಿನಲ್ಲೋ ಬನಿಯನ್ನಿನ ಜೇಬಿನಲ್ಲೋ ಇಟ್ಟುಕೊಳ್ಳಬೇಡಿರಿ. ಬಿಲ್ಲೆಯನ್ನು ನುಂಗಲೂಬಾರದು. ಇದು ನೀರಿನ ಮದ್ದು, ಹೊಟ್ಟೆಯ ಮದ್ದಲ್ಲ.

ಬಿಲ್ಲೆ ಸಿಗದಿದ್ದಾಗ ಹೊಸ ಪುಡಿಯಿಂದ ದ್ರಾವಣ ಮಾಡಿಟ್ಟುಕೊಳ್ಳಬಹುದು. ಪುಡಿ ಉದುರುದುರಾಗಿ, ಘಾಟು ವಾಸನೆಯಿಂದ ಕೂಡಿರಬೇಕು. ಹೆಂಟೆಗಟ್ಟಿ ತೇವವಾಗಿದ್ದರೆ ಬೇಡ. ಹಳೆಯ ಪುಡಿಯನ್ನು ಎರಡರಷ್ಟು ಹಾಕಿದರಾಯಿತು ಎಂದು ಕೆಲವರು ವಾದಿಸುವರು. ಎಷ್ಟು ಹಳೆಯದಾಗಿದೆ, ಶಕ್ತಿ ಅರ್ಧ ಉಳಿದಿದೆಯೋ ಕಾಲು ಉಳಿದಿದೆಯೋ ಎಂಬುದು ತಿಳಿಯದಿರುವಾಗ ಎರಡರಷ್ಟು ಎಂಬ ಮಾತಿಗೆ ಅರ್ಥವಿಲ್ಲ.

30 ಗ್ರಾಂ ಪುಡಿಯನ್ನು ಕಾಗದದಲ್ಲಿ ತೂಗಿಸಿ ತಂದು, ಪ್ಲಾಸ್ಟಿಕ್ ಪಾತ್ರೆಯಲ್ಲಿ ತುಸು ನೀರು ಸೇರಿಸಿ ಮರದ ಕಡ್ಡಿಯಿಂದ ಕಲಸಿರಿ. ಬರಿಗೈ ಬೇಡ, ಚರ್ಮ ಉರಿಯುವುದು. ಬಳಿಕ ಒಟ್ಟು ಒಂದು ಲೀಟರ್ ಆಗುವಂತೆ ನೀರು ಬೆರೆಸಿ, ಸುಣ್ಣ ತಳ ಸೇರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಣ್ಣದ ಸೀಸೆಗೆ ಬಗ್ಗಿಸಿಕೊಳ್ಳಿರಿ. ಬಣ್ಣದ ಸೀಸೆ ಇಲ್ಲದಿದ್ದರೆ ಬಿಳಿಯ ಸೀಸೆಗೆ ಕಪ್ಪು ಬಟ್ಟೆ ಸುತ್ತಿದರೂ ಸರಿಯೆ. ಇದು ನೂರಕ್ಕೆ ಒಂದರಷ್ಟು ಕ್ಲೋರಿನ್ ಇರುವ ದ್ರಾವಣ. ತಿಳಿನೀರಾದರೆ ಲೀಟರಿಗೆ ಮೂರು ಹನಿ. ಹದಿನೈದು ಲೀಟರಿನ ಕೊಡಕ್ಕೆ ಎರಡೂವರೆ ಮಿಲಿಲೀಟರ್, ಅಂದರೆ ಔಷಧಿಯ ಸೀಸೆಯ ಜೊತೆ ಬರುವ ಐದು ಮಿಲಿಲೀಟರ್ ಚಮಚದಲ್ಲಿ ಅರ್ಧ. ನೀರು ಮಬ್ಬಾಗಿದ್ದರೆ ಮೊದಲು ನಾಲ್ಕು ಮಡಿಕೆಯ ಶುಭ್ರ ಬಟ್ಟೆಯಲ್ಲಿ ಸೋಸಿ, ಆಮೇಲೆ ಅಳತೆಯನ್ನು ಇಮ್ಮಡಿ ಮಾಡಿರಿ. ಕಲಕಿ, ಮುಚ್ಚಿ, ಅರ್ಧ ಗಂಟೆ ಕಾಯಿರಿ. ಕಾಯದೆ ಕುಡಿದರೆ ಮದ್ದು ಹಾಕಿಯೂ ಹಾಕದಂತೆ. ತುಸು ವಾಸನೆ ಬಂದರೆ ಅದು ಕೆಟ್ಟ ನೀರಿನ ಲಕ್ಷಣವಲ್ಲ, ಕಾವಲಿನ ಲಕ್ಷಣ. ಅತ್ತೆಯವರೋ ಅಜ್ಜನವರೋ "ವಾಸನೆ ನೀರು ಕುಡಿಯಲಾರೆ" ಎಂದರೆ, ಒಂದು ಶುಭ್ರ ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಮೂರು ಬಾರಿ ಸುರಿದು ಕೊಡಿರಿ, ವಾಸನೆ ತಗ್ಗುವುದು.

ಈ ಸೀಸೆಯ ದ್ರಾವಣವೂ ಶಾಶ್ವತವಲ್ಲ. ಶಾಖ ಹತ್ತು ಡಿಗ್ರಿ ಏರಿದರೆ ಇದು ಕೆಡುವ ವೇಗ ಎರಡು ಮೂರು ಪಟ್ಟಾಗುವುದು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ನೆನೆದರೆ ಹದಿನೈದು ದಿನಕ್ಕೊಮ್ಮೆ ಹಳೆಯದನ್ನು ಚೆಲ್ಲಿ ಹೊಸದು ಮಾಡುವುದೇ ಲೇಸು. ಸಂಶಯ ಬಂದರೆ ಒಂದು ಲೋಟ ನೀರಿಗೆ ಬರೆಯುವ ನೀಲಿ ಶಾಯಿಯ ಒಂದು ಹನಿ ಬಿಟ್ಟು, ಒಂದು ಚಮಚ ದ್ರಾವಣ ಸೇರಿಸಿ ನೋಡಿರಿ. ಜೀವವಿರುವ ದ್ರಾವಣ ಶಾಯಿಯ ಬಣ್ಣವನ್ನು ಅಳಿಸುವುದು. ಬಣ್ಣ ಹಾಗೆಯೇ ಉಳಿದರೆ ಸೀಸೆಯನ್ನು ಬರಿದು ಮಾಡಿರಿ. ಈ ಪರೀಕ್ಷೆ ಸತ್ತಿದೆಯೋ ಬದುಕಿದೆಯೋ ಎಂಬುದನ್ನು ಹೇಳುವುದೇ ವಿನಾ ಎಷ್ಟು ಶಕ್ತಿ ಇದೆಯೆಂದು ಹೇಳಲಾರದು. ಶಾಯಿ ಹಾಕಿದ ಲೋಟವನ್ನು ಚೆನ್ನಾಗಿ ತೊಳೆಯುವುದನ್ನು ಮರೆಯಬೇಡಿರಿ.

ಆರು ತಿಂಗಳು ತುಂಬದ ಕೂಸಿಗಂತೂ ಯಾವ ನೀರೂ ಬೇಡ, ಬೇಸಿಗೆಯಲ್ಲಿಯೂ ಬೇಡ. ಬಾಯಾರಿಕೆಗೆ ಬೇಕಾದ ನೀರು ಎದೆಹಾಲಿನಲ್ಲಿಯೇ ಇದೆ.

ಬಾವಿಯ ಲೆಕ್ಕ

ಊರ ಬಾವಿಯ ಕೆಲಸ ಆರೋಗ್ಯ ಸಿಬ್ಬಂದಿಯದು. ಆದರೂ ಲೆಕ್ಕ ನಿಮಗೆ ತಿಳಿದಿರಲಿ. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 3.14ರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಘನ ಮೀಟರ್ ಬರುವುದು. ಒಂದು ಘನ ಮೀಟರಿಗೆ ಸಾವಿರ ಲೀಟರ್. ಎರಡು ಮೀಟರ್ ಅಡ್ಡಳತೆಯ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ 9,420 ಲೀಟರ್ ಆಯಿತು. ತಿಳಿನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಎಂಬ ಲೆಕ್ಕದಂತೆ ಇದಕ್ಕೆ ಸುಮಾರು 24 ಗ್ರಾಂ ಸಾಕು.

ನೆರೆ ಇಳಿದ ಬಾವಿಗೆ ಈ ಲೆಕ್ಕ ನಡೆಯದು. ಅದಕ್ಕೆಂದೇ ಹಾರಕ್ಸ್ ಪೆಟ್ಟಿಗೆ ಎಂಬ ಸಾಧನವಿದೆ. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಹಿಡಿಯುವ ಚಮಚ ಇರುವುವು. ಕಪ್ಪು ಬಟ್ಟಲಿನಲ್ಲಿ ಪುಡಿಯ ದ್ರಾವಣ ಮಾಡಿ, ಬಾವಿಯ ನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಕ್ರಮವಾಗಿ ಒಂದು ಹನಿ, ಎರಡು ಹನಿ, ಹೀಗೆ ಆರು ಹನಿಯವರೆಗೆ ಹಾಕುವರು. ಅರ್ಧ ಗಂಟೆಯ ಮೇಲೆ ಗಂಜಿಯ ಸೂಚಕ ದ್ರಾವಣವನ್ನು ಬಿಟ್ಟರೆ, ಕ್ಲೋರಿನ್ ಉಳಿದಿರುವ ಬಟ್ಟಲುಗಳು ನೀಲಿಯಾಗುವುವು. ಸ್ಪಷ್ಟವಾಗಿ ನೀಲಿಯಾದ ಮೊದಲ ಬಟ್ಟಲು ಮೂರನೆಯದಾದರೆ, 455 ಲೀಟರಿಗೆ ಮೂರು ಚಮಚ, ಅಂದರೆ ಆರು ಗ್ರಾಂ ಬೇಕು. ನಮ್ಮ ಉದಾಹರಣೆಯ ಬಾವಿಗೆ ಅದು ಸುಮಾರು 124 ಗ್ರಾಂ ಆಗುವುದು. 24 ಎಲ್ಲಿ, 124 ಎಲ್ಲಿ! ಈ ಪರೀಕ್ಷೆಯ ಹೆಚ್ಚುಗಾರಿಕೆಯೊಂದಿದೆ: ಬಾವಿಗೆ ಹಾಕಲಿರುವ ಪುಡಿಯನ್ನೇ ಬಟ್ಟಲಿನಲ್ಲಿ ಬಳಸುವುದರಿಂದ, ಪುಡಿಯ ಶಕ್ತಿ ಕುಂದಿದ್ದರೆ ಆ ಕೊರತೆಯೂ ಲೆಕ್ಕದಲ್ಲಿ ತಾನಾಗಿ ಸೇರಿಬಿಡುವುದು.

ಪುಡಿಯನ್ನು ನೇರವಾಗಿ ಬಾವಿಗೆ ಎರಚಬಾರದು. ಬಕೆಟ್ಟಿಗೆ ನೂರು ಗ್ರಾಂ ಮೀರದಂತೆ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಿಂದ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆಯವರೆಗೆ ಯಾರೂ ನೀರು ಸೇದಕೂಡದು. ರಾತ್ರಿ ಹಾಕಿದರೆ ಇದು ಸುಲಭ, ಬಿಸಿಲಿನ ಕಾಟವೂ ಇಲ್ಲ.

ನಿಮ್ಮ ಬೀದಿಯ ನಲ್ಲಿಯ ನೀರಿನಲ್ಲಿ ಉಳಿಕೆ ಇದೆಯೇ ಎಂದು ನೋಡಲು ಸಣ್ಣ ಪರೀಕ್ಷಾ ಪೆಟ್ಟಿಗೆಗಳು ಬಂದಿವೆ. ಹಿಂದಿನ ಕಾಲದ ದ್ರಾವಣ ನೀರನ್ನು ಹಳದಿಯಾಗಿಸುತ್ತಿತ್ತು. ಈಗಿನದು ನಸುಗೆಂಪಾಗಿಸುವುದು. ತೊಟ್ಟಿಯ ಬುಡದ ನಲ್ಲಿಯಲ್ಲಿ ಪರೀಕ್ಷಿಸಿ ತೃಪ್ತಿಪಟ್ಟರೆ ಸಾಲದು. ಊರ ಕೊನೆಯ ಮನೆಯ ನಲ್ಲಿಯಲ್ಲಿ ನೋಡಲು ಹೇಳಿರಿ. ದಾರಿಯುದ್ದಕ್ಕೂ ಕ್ಲೋರಿನ್ ಖರ್ಚಾಗುತ್ತ ಬರುವುದರಿಂದ ಕೊರತೆ ಮೊದಲು ಕಾಣುವುದು ಅಲ್ಲಿಯೇ. ಕ್ಲೋರಿನ್ ರೋಗಾಣುವಿಗೆ ಮದ್ದೇ ಹೊರತು, ಕೆಲವೆಡೆ ಕೊಳವೆಬಾವಿಯಲ್ಲಿರುವ ಫ್ಲೋರೈಡನ್ನು ತೆಗೆಯಲಾರದೆಂಬುದೂ ನೆನಪಿರಲಿ.

ಮಗುವಿನ ಔಷಧಿಯ ಸೀಸೆ

ನೀರು ತಗಲಿದರೆ ಒಡೆಯುವ ವಸ್ತು ನಿಮ್ಮ ಮನೆಯ ಗೂಡಿನಲ್ಲಿ ಇನ್ನೊಂದಿರಬಹುದು. ಮಗುವಿಗೆ ವೈದ್ಯರು ಬರೆದುಕೊಡುವ ಅಮಾಕ್ಸಿಸಿಲಿನ್‌ನಂತಹ ಔಷಧಿ ಸೀಸೆಯಲ್ಲಿ ಒಣ ಪುಡಿಯಾಗಿ ಬರುವುದೇಕೆಂದು ಯೋಚಿಸಿದ್ದೀರಾ? ಪೆನ್ಸಿಲಿನ್ ಜಾತಿಯ ಈ ಔಷಧಿಗಳ ಶಕ್ತಿ ಅವುಗಳ ರಚನೆಯಲ್ಲಿರುವ ಒಂದು ಸಣ್ಣ ಬಳೆಯಲ್ಲಿದೆ. ನೀರಿನಲ್ಲಿ ಆ ಬಳೆ ದಿನದಿನಕ್ಕೆ ಒಡೆಯುತ್ತ ಹೋಗುವುದು. ಆದುದರಿಂದ ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಬೆರೆಸಿದ ಮೇಲೆ, ಸೀಸೆಯ ಮೇಲೆ ಬರೆದಿರುವಷ್ಟು ದಿನ, ಸಾಮಾನ್ಯವಾಗಿ ಏಳು ದಿನ ಮಾತ್ರ ಬಳಸತಕ್ಕದ್ದು. ಹೋದ ತಿಂಗಳು ಕಲಸಿದ ಸೀಸೆಯಲ್ಲಿ ಅರ್ಧ ಉಳಿದಿದೆಯೆಂದು ಈ ತಿಂಗಳು ತಮ್ಮನಿಗೆ ಕುಡಿಸುವುದು ಉಳಿತಾಯವಲ್ಲ. ಭೇದಿಗೆ ಇಂತಹ ಔಷಧಿ ಬಹುಪಾಲು ಬೇಕಾಗಿಯೂ ಇರುವುದಿಲ್ಲ. ಬೇಕಾದುದು ಓಆರ್‌ಎಸ್ ಮತ್ತು ಸತುವಿನ ಬಿಲ್ಲೆ.

ಓಆರ್‌ಎಸ್ ಪೊಟ್ಟಣಕ್ಕೂ ಇಂತಹುದೇ ಇತಿಹಾಸವಿದೆ. ಮೊದಲಿಗೆ ಅದರಲ್ಲಿ ಅಡುಗೆ ಸೋಡಾ ಇರುತ್ತಿತ್ತು. ಬಿಸಿ ಮತ್ತು ತೇವದ ನಾಡುಗಳಲ್ಲಿ ಅದು ಪೊಟ್ಟಣದಲ್ಲಿಯೇ ಸಕ್ಕರೆಯ ಅಂಶದೊಡನೆ ಕೂಡಿ ಪುಡಿ ಬಣ್ಣಗೆಡುತ್ತಿತ್ತು. 1984ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೋಡಾದ ಬದಲು ಸಿಟ್ರೇಟ್ ಎಂಬ ಲವಣವನ್ನು ಸೇರಿಸುವಂತೆ ಸೂಚಿಸಿತು, ಪೊಟ್ಟಣ ಹೆಚ್ಚು ಕಾಲ ಬಾಳತೊಡಗಿತು. ನೀರಿನಲ್ಲಿ ಕಲಸಿದ ಓಆರ್‌ಎಸ್ಸನ್ನು 24 ಗಂಟೆಗಳ ಮೇಲೆ ಚೆಲ್ಲಬೇಕಾದ ಕಾರಣ ಬೇರೆ. ಅಲ್ಲಿ ಲವಣ ಒಡೆಯುವುದಿಲ್ಲ, ಸಿಹಿನೀರಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ಮಗುವಿನ ಕಣ್ಣು ಗುಳಿಬಿದ್ದು, ಮೂತ್ರ ಕಡಿಮೆಯಾಗಿ, ಕುಡಿಯಲಾರದೆ ಮಂಕಾಗಿ ಮಲಗಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಂಡೊಯ್ಯಿರಿ. ದಾರಿಯಲ್ಲಿಯೂ ಚಮಚದಿಂದ ಓಆರ್‌ಎಸ್ ಕುಡಿಸುತ್ತಿರಿ.

ನೀರು ತರುವವಳೂ ಅವಳೇ, ಮದ್ದು ಹಾಕುವವಳೂ ಅವಳೇ, ದಿನ ಎಣಿಸುವವಳೂ ಅವಳೇ ಆಗಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ದ್ರಾವಣ ಮಾಡುವ ದಿನ ಮನೆಯ ಯಜಮಾನರು ಪುಡಿ ತೂಗಿಸಿ ತರಲಿ, ಕಲಸುವುದೂ ಅವರ ಪಾಲಿಗಿರಲಿ. ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕ ಎಲ್ಲ ಮನೆಗಳಲ್ಲಿಯೂ ಇರುವುದರಿಂದ, ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಸೀಸೆಯ ದ್ರಾವಣವನ್ನು ಬದಲಿಸುವ ರೂಢಿ ಮಾಡಿಕೊಂಡರೆ ಹದಿನೈದು ದಿನ ತಪ್ಪುವುದಿಲ್ಲ. ಸೀಸೆಗೆ ಒಂದು ಚೀಟಿ ಅಂಟಿಸಿ ತಯಾರಿಸಿದ ದಿನಾಂಕವನ್ನು ಬರೆಯಿರಿ. ಮಗುವಿನ ಔಷಧಿಯ ಸೀಸೆಗೂ ಹಾಗೆಯೇ. ಶಾಲೆಗೆ ಹೋಗುವ ಮಗುವಿದ್ದರೆ ಅದರ ಕೈಯಿಂದಲೇ ಬರೆಸಿರಿ.